ಮದ್ದಿನ ನೀರಲ್ಲಿ ಒಂದು ಹೃದಯ

ಕಳೆದ ಭಾನುವಾರ ದಾವಣಗೆರೆಯ ಮೀನಂಗಡಿಯೊಂದರಲ್ಲಿ ನಿಂತಿದ್ದೆ. ಹೊರಗೆ ನಮ್ಮೂರಿನ ಮಳೆ. ಛತ್ರಿ ಬಿಚ್ಚುವಷ್ಟರಲ್ಲಿ ನಿಂತೇಹೋಗುವ, ಹೆಸರಿಗೆ ಮಾತ್ರದ ಮಳೆ. ಅಂಗಡಿಯವನು ಒಂದು ಬಂಗುಡೆ ಎತ್ತಿ, ಕಿವಿರು ಬಿಡಿಸಿ ಒಳಗಿನ ಕೆಂಪು ತೋರಿಸಿ, "ಮಂಗ್ಳೂರ್ ಕಡೆ ಮಾಲು ಮೇಡಂ, ಕೆಮಿಕಲ್ ಗಿಮಿಕಲ್ ಏನೂ ಹಾಕಿಲ್ಲ" ಎಂದ. ಅವನು ಸುಮ್ಮನಿದ್ದಿದ್ದರೆ ತೂಗಿಸಿಕೊಂಡು ಬಂದುಬಿಡುತ್ತಿದ್ದೆ. ಆ ಮಾತು ಕೇಳಿದ ಮೇಲೆ ಮೀನನ್ನು ಮೂಗಿಗೆ ಹಿಡಿಯದೆ ಇರಲಾಗಲಿಲ್ಲ. ಐಸು, ಉಪ್ಪು, ಒದ್ದೆ ಗೋಣಿಯ ವಾಸನೆ. ನನ್ನ ಕೆಲಸ ಹೆಣ ಕೊಯ್ಯುವುದು. ದಿನವೂ ಎಂಥೆಂಥ ವಾಸನೆಯ ನಡುವೆ ನಿಂತು, ಮನೆಗೆ ಬಂದು ನೆಮ್ಮದಿಯಾಗಿ ಉಣ್ಣುವವಳು. ಆದರೆ ಐಸಿನಲ್ಲಿಟ್ಟ ಮೀನಿನ ವಾಸನೆ ಬಂದರೆ ಮಾತ್ರ, ಗಿರಿಜಕ್ಕ ಥರ್ಮೋಕೋಲ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ಬಂದು ನಿಂತ ಹಾಗೆ ಈಗಲೂ ಅನಿಸುತ್ತದೆ.

ನಾನು ವಿಧಿವಿಜ್ಞಾನದಲ್ಲಿ ಎಂ.ಡಿ. ಮುಗಿಸಿದ ಹೊಸತರಲ್ಲಿ ಬೈಂದೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ ಹಾಕಿದ್ದರು. ಹೋಗಿ ಇಳಿದದ್ದು ಜೂನ್ ತಿಂಗಳಲ್ಲಿ. ಮಳೆಯೆಂದರೆ ಏನೆಂದು ಗೊತ್ತಾದದ್ದು ಅಲ್ಲಿ. ಬಟ್ಟೆ ಒಣಗುತ್ತಿರಲಿಲ್ಲ, ಬೆಂಕಿಕಡ್ಡಿ ಹತ್ತುತ್ತಿರಲಿಲ್ಲ, ಕ್ವಾರ್ಟರ್ಸಿನ ಗೋಡೆ ಮುಟ್ಟಿದರೆ ಅಂಗೈಗೆ ನೀರು. ಭಾಷೆ ಹೇಗೂ ಕನ್ನಡವೇ ಎಂಬ ಧೈರ್ಯದಲ್ಲಿ ಹೋಗಿದ್ದೆ. ಮೊದಲ ವಾರವಿಡೀ ರೋಗಿಗಳು ಹೇಳಿದ್ದನ್ನು ನರ್ಸಮ್ಮ ನನಗೆ ಕನ್ನಡದಿಂದ ಕನ್ನಡಕ್ಕೆ ಬಿಡಿಸಿ ಹೇಳಬೇಕಾಯಿತು. "ಎಂತ ಡಾಕ್ಟ್ರೇ, ನಿಮ್ಗೆ ಎಂತದೂ ಗೊತ್ತಾತಿಲ್ಯೆ" ಎಂದು ನರ್ಸಮ್ಮ ನಗುತ್ತಿದ್ದರು. ನಾನು ಹುಟ್ಟಿದ ಮನೆಯೊಳಗೆ ಮೀನು ಕಾಲಿಟ್ಟದ್ದೇ ಇಲ್ಲ; ತಿನ್ನುವುದನ್ನು ಕಲಿಸಿದವರೂ ಅವರೇ.

ಶವಾಗಾರ ಆಸ್ಪತ್ರೆಯ ಹಿಂಬದಿಯಲ್ಲಿತ್ತು, ತಗಡಿನ ಮಾಡಿನ ಒಂದು ಕೋಣೆ. ಮಳೆ ಹಿಡಿದರೆ ಒಳಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ದೊಡ್ಡ ಬೋಟುಗಳಿಗೆ ಸರ್ಕಾರದ ನಿಷೇಧ. ಕಡಲು ಆಗ ನಾಡದೋಣಿಯವರದು. ಮೀನಿನ ಹಿಂಡನ್ನು ಸುತ್ತುವರಿಯುವ ಮಾಟುಬಲೆ ಹಾಕುವ ಈ ದೋಣಿಗಳಿಗೆ ವರ್ಷದ ದುಡಿಮೆಯೆಲ್ಲ ಆ ಎರಡು ತಿಂಗಳಲ್ಲೇ. ಅಲೆ ಎಷ್ಟೇ ಎದ್ದರೂ ಅವರು ಬೆಳಗಿನ ಹೊತ್ತು ದಡದಲ್ಲಿ ನಿಂತು, ಇವತ್ತು ಇಳಿಯುವುದೋ ಬೇಡವೋ ಎಂದು ಕಡಲನ್ನೇ ನೋಡುತ್ತಿರುತ್ತಾರೆ. ಭಾಸ್ಕರ ಅಂಥವರಲ್ಲಿ ಒಬ್ಬ. ನಾವುಂದದ ಕಡೆಯವನು, ಐವತ್ತರ ಒಳಗಿನ ಕಟ್ಟುಮಸ್ತಾದ ಆಳು. ನಾನು ಅವನನ್ನು ಬದುಕಿದ್ದಾಗ ನೋಡಿದವಳಲ್ಲ.

ಅವನನ್ನು ಟೆಂಪೋದಲ್ಲಿ ತಂದ ದಿನ ಮಳೆಗೆ ಒಂದು ಗಳಿಗೆಯ ಬಿಡುವೂ ಇರಲಿಲ್ಲ. ಹೆಣದ ಹಿಂದೆ ಊರಿಗೆ ಊರೇ ಬಂದಿತ್ತು. ಎಸ್‌ಐ ನನ್ನನ್ನು ಜಗಲಿಯ ಮೂಲೆಗೆ ಕರೆದು ಹೇಳಿದರು: "ಮೇಡಂ, ಕೇಸು ಸಿಂಪಲ್. ಬೆಳಿಗ್ಗೆ ದಡದಲ್ಲಿ ಇವನಿಗೂ ಇವನ ಹೆಂಡತಿಯ ತಮ್ಮನಿಗೂ ಜಗಳ ಆಗಿದೆ. ಹುಡುಗ ಎದೆಗೆ ಕೈಹಾಕಿ ನೂಕಿದ್ದನ್ನ ಎಲ್ಲರೂ ನೋಡಿದ್ದಾರೆ. ಗಂಟೆ ಕಳೆದ ಮೇಲೆ ದೋಣಿ ಎಳೆಯುವಾಗ ಇವನು ಮೊಣಕಾಲು ನೀರಲ್ಲಿ ಬಿದ್ದ, ಸತ್ತ. ಎದೆಯ ಮೇಲೆ ಗುರುತಿದೆ. ಎಲುಬು ಮುರಿದಿದ್ದರೆ ಹಾಗಂತ ಬರೆದುಬಿಡಿ, ಸಾಕು."

ಸತ್ತವನ ಅಣ್ಣ ಮಾಧವಣ್ಣ ಅಲ್ಲೇ ನಿಂತಿದ್ದರು, ಮೈಯೆಲ್ಲ ಒದ್ದೆ, ಕಣ್ಣು ಕೆಂಡ. ದೂರು ಕೊಟ್ಟವರು ಅವರೇ. "ಕಡಲಗೆ ಮೂವತ್ತ್ ವರ್ಷ ಕೆಲ್ಸ ಮಾಡ್ದವ ಮಣಕಾಲ್ ನೀರಗೆ ಸಾಯ್ತ್ನಾ ಡಾಕ್ಟ್ರೇ? ನನ್ ತಮ್ಮನ್ನ ಕೊಂದದ್ದ್. ನೀವ್ ಸಮ ಕಂಡ್ ಬರೀಕ್" ಎಂದರು. ಅದು ಬೇಡಿಕೆಯೋ ಬೆದರಿಕೆಯೋ ನನಗೆ ತಿಳಿಯಲಿಲ್ಲ. ಗೇಟಿನ ಹತ್ತಿರ ಪೊಲೀಸ್ ಜೀಪಿನಲ್ಲಿ ಒಬ್ಬ ತರುಣ ಕೂತಿದ್ದ, ತಲೆ ಬಗ್ಗಿಸಿ, ತನ್ನ ಎರಡು ಕೈಗಳನ್ನೂ ತೊಡೆಯ ಸಂದಿಯಲ್ಲಿ ಅಡಗಿಸಿಕೊಂಡು. ಅವನೇ ಸುಧಾಕರ. ಜೀಪಿಗೂ ಶವಾಗಾರಕ್ಕೂ ನಡುವೆ, ಮಳೆಯಲ್ಲಿ, ಯಾವ ಕಡೆಗೂ ಹೆಜ್ಜೆ ಇಡದೆ ನಿಂತಿದ್ದ ಹೆಂಗಸು ಗಿರಿಜಾ. ಒಳಗಿದ್ದದ್ದು ಅವಳ ಗಂಡ, ಜೀಪಿನಲ್ಲಿದ್ದದ್ದು ಅವಳ ತಮ್ಮ.

ಕೊಯ್ದು ನೋಡಿದೆ. ಎದೆಗೂಡಿನ ಎರಡೂ ಬದಿಯಲ್ಲಿ ಪಕ್ಕೆಲುಬುಗಳು ಮುರಿದಿದ್ದವು. ಚರ್ಮದ ಮೇಲೆ ಅಡ್ಡಕ್ಕೆ ಎರಡು ಪಟ್ಟೆ, ಒಂದರ ಕೆಳಗೊಂದು, ಸಮಾನಾಂತರವಾಗಿ. ಅಂಗೈಯಿಂದ ನೂಕಿದರೆ ಅಂಥ ಪಟ್ಟೆ ಮೂಡುವುದಿಲ್ಲ. ಶ್ವಾಸಕೋಶದಲ್ಲಿ ಮುಳುಗಿ ಸತ್ತ ಲಕ್ಷಣ ಇರಲಿಲ್ಲ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿತ್ತು, ಆದರೆ ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಅದರೊಳಗೆ ಸಿಗಲಿಲ್ಲ. ಅಷ್ಟು ಕಟ್ಟಿಕೊಂಡ ನಾಳ ಇಟ್ಟುಕೊಂಡು ಬೀದಿಯಲ್ಲಿ ಓಡಾಡುವವರು ಬೇಕಾದಷ್ಟು ಜನ ಇದ್ದಾರೆ. ಹೃದಯಾಘಾತವಾಗಿ ಸ್ವಲ್ಪ ಹೊತ್ತಿನಲ್ಲೇ ಸತ್ತವರ ಹೃದಯ ನೋಡಲು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಗಾಯ ಬರಿಗಣ್ಣಿಗೆ ಕಾಣಲು ಬಹಳ ಹೊತ್ತು ಬೇಕು. ಮೈಕ್ರೋಸ್ಕೋಪಿನಲ್ಲಿ ಮಾಮೂಲಿ ಬಣ್ಣ ಹಾಕಿ ನೋಡುವುದಕ್ಕೂ ಕೆಲವು ಗಂಟೆ ದಾಟಿರಬೇಕು. ಭಾಸ್ಕರನಿಗೆ ಅಷ್ಟು ಸಮಯ ಸಿಕ್ಕಿರಲಿಲ್ಲ. ಮುರಿದ ಎಲುಬೂ ಕಟ್ಟಿದ ನಾಳವೂ ಒಂದೇ ಮೇಜಿನ ಮೇಲಿದ್ದವು. ಯಾವುದನ್ನು ಹಿಡಿದುಕೊಂಡರೂ ಒಬ್ಬನ ಬದುಕು ತೀರ್ಮಾನವಾಗುತ್ತಿತ್ತು.

"ಅಭಿಪ್ರಾಯವನ್ನು ಕಾಯ್ದಿರಿಸಿದೆ" ಎಂದು ಬರೆದೆ. ಎಸ್‌ಐ ಮುಖ ಗಂಟಿಕ್ಕಿಕೊಂಡರು. "ಅವನೇ ಒಪ್ಪಿಕೊಂಡಿದ್ದಾನಲ್ಲ ಮೇಡಂ? ನನ್ನ ಕೈಯಿಂದಲೇ ಎಲುಬು ಮುರಿದದ್ದು, ಸದ್ದು ನನಗೇ ಕೇಳಿಸಿತು, ನಾನೇ ಕೊಂದೆ ಅಂತ ಹೇಳಿದ್ದಾನೆ."

"ನೂಕಿದರೆ ಎಲುಬು ಹೀಗೆ ಮುರಿಯುವುದಿಲ್ಲ" ಎಂದೆ.

"ಹಾಗಾದರೆ ಹೇಗೆ ಮುರಿಯುತ್ತದೆ?"

ಹೃದಯವನ್ನು ಇಡಿಯಾಗಿ ತೆಗೆದು ಫಾರ್ಮಾಲಿನ್ ತುಂಬಿದ ಗಾಜಿನ ಭರಣಿಯಲ್ಲಿಟ್ಟು, ಉಳಿದ ದೇಹವನ್ನು ಹೊಲಿದು ಕೊಟ್ಟೆ. ಆ ಮದ್ದಿನ ಘಾಟು ಹೊರಗೆ ಹೋಗಿ ಗಿರಿಜಕ್ಕನ ಮೂಗಿಗೆ ಬಡಿಯಿತು. ಅದುವರೆಗೂ ಕಲ್ಲಿನ ಹಾಗೆ ನಿಂತಿದ್ದವಳು ಬಾಗಿಲಿಗೆ ಬಂದುಬಿಟ್ಟಳು.

"ಅದ್ ಮೀನಿಗೆ ಹಾಕು ಮದ್ದಲ್ದಾ?"

ಆ ಕಡಲತೀರದಲ್ಲಿ ಫಾರ್ಮಾಲಿನ್ ಎಂಬ ಹೆಸರು ಕೇಳಿದರೆ ಸಾಕು, ಮೀನು ಮಾರುವ ಹೆಂಗಸರ ರಕ್ತ ಕುದಿಯುತ್ತದೆ. ಯಾರೋ ದೂರದ ವ್ಯಾಪಾರಿಗಳು ಮೀನಿಗೆ ಅದನ್ನು ಹಾಕಿದರೆಂಬ ಸುದ್ದಿ ಹಬ್ಬಿ, ಒಂದಷ್ಟು ದಿನ ಪೇಟೆಯಲ್ಲಿ ಇವರ ಬುಟ್ಟಿಯನ್ನೂ ಯಾರೂ ಮುಟ್ಟಿರಲಿಲ್ಲವಂತೆ. ಗಿರಿಜಕ್ಕ ಬೈಂದೂರು ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವಳು. "ಕೊಳ್ತದ್ದನ್ನ ಹೊಸತ್ ಅಂದೇಳಿ ತೋರ್ಸುಕೆ ಹಾಕು ಮದ್ದ್ ಅದ್. ನನ್ ಬುಟ್ಟಿ ಹತ್ರ ಅದ್ನ ಬಪ್ಕೆ ಬಿಡ್ಲಿಲ್ಲ ನಾನ್. ಈಗ ಇವ್ರ ಹೃದಯಕ್ಕೆ ಹಾಕ್ದ್ರಿಯಲ್ದಾ" ಎಂದು ಕೂಗಿದಳು. ಜನ ಗುಜುಗುಜು ಎಂದರು. ಸಂಜೆಯೊಳಗೆ ಊರಲ್ಲಿ ಮಾತು ಹಬ್ಬಿತ್ತು: ಡಾಕ್ಟ್ರಮ್ಮ ಮದ್ದು ಹಾಕಿ ಕೇಸನ್ನು ಮುಚ್ಚುತ್ತಿದ್ದಾಳೆ.

ಮರುದಿನ ಬೆಳಿಗ್ಗೆ ಗಿರಿಜಕ್ಕ ಥರ್ಮೋಕೋಲ್ ಪೆಟ್ಟಿಗೆ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮುಚ್ಚಳ ತೆಗೆದರೆ ಒಳಗೆ ಅಂಚಿನ ತನಕ ಪುಡಿ ಐಸು, ಮೇಲೆ ತೊಳೆದು ಹಿಂಡಿದ ಗೋಣಿ. "ನಾ ಐಸ್ ತಂದಿದ್ದೆ. ಆ ಮದ್ದ್ ಚೆಲ್ಲಿ, ಇದ್ರಗೆ ಇಡಿ ಡಾಕ್ಟ್ರಮ್ಮ. ದಿನಾ ಹೊಸ ಐಸ್ ತತ್ತೆ. ಎಂತದೂ ಹಾಳಾತಿಲ್ಲೆ."

ಅವಳು ಬಲ್ಲ ರೀತಿಯಲ್ಲಿ ಗಂಡನನ್ನು ಕಾಪಾಡಿಕೊಳ್ಳಲು ಬಂದಿದ್ದಳು. ನಾನು ಮುಂಗೋಪಿ, ಬೇರೆ ದಿನವಾಗಿದ್ದರೆ ಸಿಡುಕಿಬಿಡುತ್ತಿದ್ದೆನೇನೋ. ಅವತ್ತು ಕುರ್ಚಿ ಕೊಟ್ಟು ಕೂರಿಸಿದೆ. ಐಸಿನಲ್ಲಿ ಹೆಪ್ಪುಗಟ್ಟಿದರೆ ಮಾಂಸದೊಳಗಿನ ಸಣ್ಣ ಸಣ್ಣ ಗೂಡುಗಳು ಹರಿದುಹೋಗುತ್ತವೆ, ನಾವು ಹುಡುಕುವ ಗುರುತು ಅಳಿಸಿಹೋಗುತ್ತದೆ ಎಂದೆ. ಈ ಮದ್ದು ಹಳತನ್ನು ಹೊಸತು ಮಾಡುವುದಿಲ್ಲ; ಅವರು ಹೋದ ಗಳಿಗೆಯಲ್ಲಿ ಹೃದಯ ಹೇಗಿತ್ತೋ ಅದನ್ನು ಹಾಗೇ ಹಿಡಿದಿಡುತ್ತದೆ ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಎದ್ದು ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಂದೇ ಮಾತ್ ಹೇಳಿ ಡಾಕ್ಟ್ರಮ್ಮ. ನನ್ ತಮ್ಮ ನನ್ ಗಂಡನ್ನ ಕೊಂದ್ನಾ, ಇಲ್ಯಾ? ಇಲ್ಲ ಅಂದ್ರೆ ಈಗ್ಲೇ ಅವ್ನಿಗೆ ಬುತ್ತಿ ತಕಂಡ್ ಹೋತೆ. ಹೌದ್ ಅಂದ್ರೆ ಇನ್ ಅವ್ನ ಹೆಸ್ರ್ ನನ್ ಬಾಯಗೆ ಬತ್ತಿಲ್ಲೆ. ಹೀಂಗೆ ಎರಡ್ರ ಮಧ್ಯ ನಿಲ್ಲುಕೆ ನಂಗಾತಿಲ್ಲೆ."

ನನಗೆ ಗೊತ್ತಿಲ್ಲ ಎಂದೆ. ಅಷ್ಟು ಕಷ್ಟಪಟ್ಟು ಆ ಮಾತನ್ನು ನಾನು ಮತ್ತೆ ಯಾವತ್ತೂ ಆಡಿಲ್ಲ. ಅವಳು ಐಸಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಮಳೆಯಲ್ಲೇ ಹೋದಳು. ಆಮೇಲೆ ದಿನವೂ ಪೇಟೆ ಮುಗಿಸಿ ಬರುವಾಗ ಆಸ್ಪತ್ರೆಯ ಜಗಲಿಯಲ್ಲಿ ಬುಟ್ಟಿ ಇಳಿಸಿ, ಒಳಗೆ ಬಾರದೆ, ಏನೂ ಕೇಳದೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಅವಳು ಕೇಳದೆ ಇದ್ದದ್ದೇ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಸುಧಾಕರನನ್ನು ಜೈಲಿಗೆ ಕಳಿಸಿದರು. ಅವನು ಜಾಮೀನು ಬೇಡ ಎಂದನಂತೆ. ಮಾಧವಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ಎದೆ ಒಡೆದು ಸತ್ತವನಿಗೆ ಹೃದಯದ ಕಾಯಿಲೆ ಅಂಟಿಸಲು ನೋಡುತ್ತೀರಾ ಎಂದು ಜಗಲಿಯಲ್ಲೇ ಗಲಾಟೆ ಮಾಡಿದರು. ನಾನೂ ಬಿಡಲಿಲ್ಲ, ದನಿ ಏರಿಸಿ ಜಗಳಾಡಿದೆ.

ಆ ಎರಡು ಪಟ್ಟೆ ನನ್ನ ತಲೆಯಿಂದ ಹೋಗಲಿಲ್ಲ. ಒಂದು ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಬಸ್ಸು ಹತ್ತಿ ಅವರ ಕಡಲದಂಡೆಗೇ ಹೋದೆ. ದಡದಲ್ಲಿ ದೋಣಿಗಳನ್ನು ಎಳೆದಿಟ್ಟಿದ್ದರು. ಟಾರ್ಪಾಲಿನಡಿ ಕೂತು ಬಲೆ ಹೆಣೆಯುತ್ತಿದ್ದ ಒಬ್ಬ ಮುದುಕರ ಹತ್ತಿರ, ಅವತ್ತು ಭಾಸ್ಕರನನ್ನು ನೀರಿಂದ ಎತ್ತಿದ ಮೇಲೆ ಏನು ಮಾಡಿದಿರಿ ಎಂದು ಕೇಳಿದೆ. ನೂಕಿದ್ದನ್ನಲ್ಲ, ಬಿದ್ದದ್ದನ್ನಲ್ಲ, ಎತ್ತಿದ ಮೇಲಿನದನ್ನು.

"ಎಂತ ಮಾಡುದ್? ನೀರ್ ಕುಡ್ದಿದ್ದ ಅಂದೇಳಿ ಎಣ್ಸಿದ್ ನಾವ್. ಡ್ರಮ್ಮಿನ ಮೇಲೆ ಬೋರ್ಲ್ ಹಾಕಿ ಉರುಳ್ಸಿದ್. ಸುಧಾಕರ ಬೆನ್ನ್ ಒತ್ತಿದ. ಹೊಟ್ಟಿ ನೀರ್ ತೆಗುಕೆ ಹಿಂದಿಂದ್ಲೂ ಹಾಂಗೇ ಮಾಡುದಲ್ದಾ."

ಅವರು ಗದ್ದ ಎತ್ತಿ ತೋರಿಸಿದ ಕಡೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಮರಳಲ್ಲಿ ಅಡ್ಡ ಬಿದ್ದಿತ್ತು. ಅದರ ನಡುವಿನಲ್ಲಿ ದಪ್ಪ ಉಬ್ಬು ಬಳೆ ಎರಡು. ಕೊಡೆಯ ಕಡ್ಡಿಯಿಂದಲೇ ಅಳೆದೆ. ಅಳೆಯುವ ಅಗತ್ಯವೇ ಇರಲಿಲ್ಲ.

"ಇದನ್ನ ಪೊಲೀಸರಿಗೆ ಹೇಳಲಿಲ್ಲವಾ?"

"ಅವ್ರ್ ಯಾರ್ ನೂಕಿದ್ ಅಂದೇಳಿ ಕೇಂಡ್ರ್, ಹೇಳಿದ್. ಡ್ರಮ್ಮಿನ ಸುದ್ದಿ ಯಾರೂ ಕೇಣ್ಲಿಲ್ಲ."

ಮುಳುಗಿದವನಿಗೆ ಡ್ರಮ್ಮು ಎನ್ನುವುದು ಅವರಿಗೆ ಎಷ್ಟು ಸಹಜವೆಂದರೆ, ಅದು ಹೇಳಬೇಕಾದ ವಿಷಯ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಸಂತೋಷದಲ್ಲಿ ಎಸ್‌ಐಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು, "ಸರಿ ಮೇಡಂ. ಆದರೂ ಎಲುಬು ಮುರಿದವನು ಅವನೇ ತಾನೆ? ಡ್ರಮ್ಮಿನ ಮೇಲೆ ಹಾಕುವಾಗ ಜೀವ ಇತ್ತೋ ಇಲ್ಲವೋ?" ಎಂದರು. ಸರಿಯಾದ ಪ್ರಶ್ನೆ. ಮುರಿದ ಎಲುಬಿನ ತುದಿಗಳಲ್ಲಿ ರಕ್ತ ಇಲ್ಲವೆನ್ನುವಷ್ಟು ಕಡಿಮೆ ಇತ್ತು, ಅಂದರೆ ರಕ್ತದ ಓಟ ಆಗಲೇ ನಿಂತಿರಬೇಕು. ಆದರೆ ಅಷ್ಟನ್ನೇ ನೆಚ್ಚಿಕೊಂಡು ಕೋರ್ಟಿನಲ್ಲಿ ನಿಲ್ಲಲಾಗುವುದಿಲ್ಲ. ಬದುಕಿದ್ದವನ ಎದೆಯನ್ನು ಸುಧಾಕರ ಒಡೆದುಬಿಟ್ಟ ಎಂದರೆ ಅಲ್ಲವೆನ್ನಲು ನನ್ನ ಬಳಿ ಬೇರೆ ಏನೂ ಇರಲಿಲ್ಲ. ಪಾಪ, ಅವನೇ ಹಾಗೆ ನಂಬಿದ್ದ. ಭಾವನನ್ನು ಉಳಿಸಲು ಒತ್ತಿದ ಕೈಯೇ ಭಾವನನ್ನು ಕೊಂದಿತು ಎಂದುಕೊಂಡು ಜೈಲಿನಲ್ಲಿ ಕೂತಿದ್ದ.

ಉಳಿದದ್ದು ಹೃದಯ ಒಂದೇ. ಅದರ ತುಂಡುಗಳು ಆಗಲೇ ನಾನು ಓದಿದ ಮೆಡಿಕಲ್ ಕಾಲೇಜಿಗೆ ಹೋಗಿದ್ದವು. ಅಲ್ಲಿ ಪೆಥಾಲಜಿಯ ಮೇಡಂ ನನಗೆ ಪಾಠ ಹೇಳಿದವರು, ಮಾತು ಕಡಿಮೆ, ಕೋಪ ಜಾಸ್ತಿ. ಮಾಮೂಲಿ ಬಣ್ಣ ಸಾಲದು, ಒಳಗಿನ ಪ್ರೋಟೀನುಗಳನ್ನು ಹಿಡಿದು ತೋರಿಸುವ ಪರೀಕ್ಷೆ ಮಾಡಿಕೊಡಿ ಎಂದು ಬೇಡಿಕೊಂಡಿದ್ದೆ. ಅದಕ್ಕೆ ಬೇಕಾದ ದ್ರಾವಣ ಬರಬೇಕು ಎಂದರು. ಅದು ಬರುವ ತನಕ ಮಳೆ ಸುರಿಯಿತು, ಘಟ್ಟದಲ್ಲಿ ಗುಡ್ಡ ಕುಸಿಯಿತು, ಪಾರ್ಸೆಲ್ ಎಲ್ಲೋ ಸಿಕ್ಕಿಬಿತ್ತು. ನಾನು ಊಟ ಬಿಟ್ಟೆ. ಜಗಲಿಯ ಬುಟ್ಟಿ ಕಣ್ಣಿಗೆ ಬೀಳದಿರಲಿ ಎಂದು ಹಿಂಬಾಗಿಲಿಂದ ಓಡಾಡಿದೆ.

ಕೊನೆಗೆ ಕರೆ ಬಂದ ದಿನ ಸಿಕ್ಕ ಬಸ್ಸು ಹತ್ತಿದೆ. ಕುಂದಾಪ್ರ, ಕುಂಭಾಶಿ, ಬ್ರಹ್ಮಾವರ ಒಂದೊಂದೇ ಹಿಂದೆ ಹೋಗುವಾಗ ಕಿಟಕಿಯ ಗಾಜಿನಾಚೆ ಬರೀ ನೀರು. ಮೇಡಂ ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನ ಎದುರು ಕೂರಿಸಿ, "ನಾನು ಮೊದಲು ಬಾಯಿ ಬಿಡುವುದಿಲ್ಲ. ನೀನೇ ನೋಡು" ಎಂದರು.

ಹೃದಯದ ಸ್ನಾಯುವಿನಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನ್ ಇರುತ್ತದೆ. ಸ್ನಾಯು ಸಾಯತೊಡಗಿದರೆ ಅದು ಸೋರಿ ರಕ್ತಕ್ಕೆ ಸೇರುತ್ತದೆ. ಎದೆನೋವೆಂದು ಬಂದವರ ರಕ್ತದಲ್ಲಿ ನಾವು ಹುಡುಕುವುದು ಅದನ್ನೇ. ಸತ್ತವನ ಹೃದಯದಲ್ಲಿ ತಿರುಗಿಸಿ ಕೇಳಬೇಕು: ಅದು ಎಲ್ಲಿ ಖಾಲಿಯಾಗಿದೆ? ಖಾಲಿಯಾದ ಜಾಗಕ್ಕೆ ರಕ್ತದಿಂದ ಬೇರೆ ಪ್ರೋಟೀನು ಬಂದು ಸೇರಿಕೊಂಡಿದೆಯೇ? ಇದು ನಡೆಯಬೇಕಾದರೆ ಮನುಷ್ಯ ಬದುಕಿರಬೇಕು, ರಕ್ತ ಓಡುತ್ತಿರಬೇಕು, ಒಂದಷ್ಟು ಹೊತ್ತು ಕಳೆದಿರಬೇಕು. ಡ್ರಮ್ಮಿನ ಮೇಲೆ ನಾಲ್ಕಾರು ಸಲ ಒತ್ತಿದ್ದಕ್ಕೆ ಇದು ಆಗುವ ಮಾತಲ್ಲ.

ಮೊದಲ ಗಾಜಿನಲ್ಲಿ, ಪ್ರೋಟೀನು ಇದ್ದ ಕಡೆ ಮೂಡುವ ಕಂದು ಬಣ್ಣ ಎಲ್ಲೆಲ್ಲೂ ತುಂಬಿತ್ತು. ಅದು ಡ್ರಮ್ಮಿಗೆ ತಾಗಿದ ಕಡೆಯ ಹೊರಗೋಡೆ, ಏನೂ ಆಗಿರಲಿಲ್ಲ. ಎರಡನೆಯದು ಎಡಭಾಗದ ಒಳಗೋಡೆ, ಕಟ್ಟಿಕೊಂಡ ನಾಳ ರಕ್ತ ಕೊಡುವ ಜಾಗ. ಕಂದಿನ ನಡುವೆ ಒಮ್ಮೆಲೇ ಬಿಳಿಚಿದ ಪಟ್ಟೆ. ಮೇಡಂ ಮೂರನೆಯದನ್ನು ಇಟ್ಟರು. ಅದೇ ಜಾಗ, ಬೇರೆ ಪ್ರೋಟೀನಿನ ಪರೀಕ್ಷೆ. ಅಲ್ಲಿ ಬಿಳಿಚಿದ್ದ ಅದೇ ಪಟ್ಟೆ ಇಲ್ಲಿ ಕಂದಾಗಿತ್ತು, ಸುತ್ತ ಎಲ್ಲೂ ಬಣ್ಣವಿರಲಿಲ್ಲ.

"ನೀರಿಗೆ ಬೀಳುವ ಮೊದಲೇ ಇವನ ಹೃದಯ ಸಾಯತೊಡಗಿತ್ತು" ಎಂದೆ.

"ಹೌದು. ಆದರೆ ಇದು ಗಡಿಯಾರ ಅಲ್ಲ, ನೆನಪಿಟ್ಟುಕೋ. ಜಗಳಕ್ಕೆ ಮೊದಲು ಶುರುವಾಯಿತೋ ಆಮೇಲೋ ಎಂದು ಇದನ್ನು ಕೇಳಬೇಡ" ಎಂದ ಮೇಡಂ ಇನ್ನೊಂದು ಗಾಜು ಇಟ್ಟರು. ಮಾಮೂಲಿ ಬಣ್ಣದ್ದು. "ಅದಕ್ಕೆ ಇದನ್ನು ಕೇಳು."

ಪಕ್ಕದಲ್ಲೇ ಒಂದು ಹಳೆಯ ಗಾಯ ಇತ್ತು, ಬರಿಗಣ್ಣಿಗೆ ಕೊಬ್ಬಿನ ಹಳದಿ ಚುಕ್ಕೆಯಂತೆ ಕಂಡಿದ್ದದ್ದು. ಸತ್ತ ಸ್ನಾಯುವನ್ನು ತೆಗೆದುಹಾಕುತ್ತಿದ್ದ ಕಣಗಳು, ಮಾಯಲು ಶುರುವಾಗಿದ್ದ ಅಂಚು. ವಾರ, ಹತ್ತು ದಿನ ಹಿಂದಿನದು. ಅಂದರೆ ಈ ಮನುಷ್ಯ ಆಗಲೇ ಒಂದು ಆಘಾತವನ್ನು ಮೈಮೇಲೆ ಇಟ್ಟುಕೊಂಡು, ಅದರ ಮೇಲೆ ಕಡಲಿಗೆ ಇಳಿಯುತ್ತಿದ್ದ.

ವರದಿ ಬರೆದೆ. ಸಾವು ಹೃದಯದ ಕಾಯಿಲೆಯಿಂದ. ಎಲುಬುಗಳು ಮುರಿದದ್ದು ಸಾಯುವ ಗಳಿಗೆಯಲ್ಲಿ ಅಥವಾ ಸತ್ತ ಮೇಲೆ, ಬದುಕಿಸುವ ಪ್ರಯತ್ನದಲ್ಲಿ. ಪೊಲೀಸರಿಗೆ ಕಳಿಸಿ, ಮುಂಬಾಗಿಲಿನಿಂದಲೇ ಜಗಲಿಗೆ ಹೋದೆ. ಗಿರಿಜಕ್ಕ ಬುಟ್ಟಿಯ ಪಕ್ಕದಲ್ಲಿ ಕೂತಿದ್ದಳು.

"ಕೊಲ್ಲಲಿಲ್ಲ ಗಿರಿಜಕ್ಕ. ನಿಮ್ಮ ತಮ್ಮ ಕೊಲ್ಲಲಿಲ್ಲ."

ಅವಳು ಎರಡೂ ಕೈಯಲ್ಲಿ ಬುಟ್ಟಿಯ ಅಂಚು ಹಿಡಿದುಕೊಂಡು ಅತ್ತಳು. ಗಂಡ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತು ಮುಗಿದ ಮೇಲೆ ಹಳೆಯ ಗಾಯದ ಮಾತು ಹೇಳಿದೆ. ಹೇಳದೆ ಇರುವಂತಿರಲಿಲ್ಲ, ವರದಿಯಲ್ಲೇ ಇತ್ತು. ಅವಳ ಮುಖ ಬದಲಾಯಿತು.

"ಬಲಿ ಎಳ್ದ್ ಬಂದ್ ಹೊಸ್ತಿಲಗೆ ಕೂಕಂಡಿದ್ರ್ ಒಂದಿನ. ಎದಿ ಉರಿ ಅಂದ್ರ್. ನಾನೇ ಗ್ಯಾಸ್ ಅಂದೇಳಿ ಓಮದ ಕಷಾಯ ಮಾಡಿ ಕೊಟ್ಟದ್ದ್." ಬುಟ್ಟಿಯಿಂದ ಕೈ ತೆಗೆದು ಕೇಳಿದಳು, "ಹಾಂಗಾರೆ ನಾನಾ ಡಾಕ್ಟ್ರಮ್ಮ?"

ಒಬ್ಬನನ್ನು ಬಿಡಿಸಿದೆ ಎಂದು ಹಿಗ್ಗಿ ಬಂದಿದ್ದವಳು ನಾನು. ಇನ್ನೊಬ್ಬಳು ತಾನೇ ಎದ್ದು ಆ ಜಾಗದಲ್ಲಿ ನಿಂತುಬಿಟ್ಟಳು. ಅಲ್ಲ ಎಂದೆ, ಎಷ್ಟೋ ಡಾಕ್ಟರುಗಳೂ ಗ್ಯಾಸ್ ಎಂದೇ ಮಾತ್ರೆ ಕೊಟ್ಟು ಕಳಿಸುತ್ತಾರೆ ಎಂದೆ. ಅದು ನಿಜ. ಆದರೆ ಆ ನಿಜ ಅವಳಿಗೆ ತಲುಪಲಿಲ್ಲ.

ತಲುಪಿಸಿದ್ದು ಸುಧಾಕರ. ಬಿಡುಗಡೆಯಾಗಿ ಬಂದವನನ್ನು ಅವಳೇ ನನ್ನ ಹತ್ತಿರ ಕರೆತಂದಳು. ಕುರ್ಚಿಯ ತುದಿಯಲ್ಲಿ ಕೂತು, ಅಕ್ಕನ ಮುಖ ನೋಡದೆ ಹೇಳಿದ: "ಭಾವ ನಂಗೆ ಹೇಳಿದ್ರ್. ಗ್ಯಾಸ್ ಅಲ್ಲ, ಎಡಗೈ ಎಲ್ಲ ಸೆಳಿತ್ತ್ ಅಂದೇಳಿ. ಅಕ್ಕನಿಗೆ ಹೇಳ್ರೆ ಅವ್ಳ್ ಕಡಲಿಗೆ ಬಿಡುದಿಲ್ಲ, ಸೀಸನ್ ಮುಗಿಲಿ ಅಂದ್ರ್. ಆಣೆ ಹಾಕ್ಸಿದ್ರ್. ಆ ದಿನ ಬೆಳಿಗ್ಗೆ ಕೈ ಉಜ್ಜತಾ ದೋಣಿ ಹತ್ತುಕೆ ಹೊರಟ್ರ್. ಅದ್ಕೇ ಜಗಳ. ಅದ್ಕೇ ನೂಕಿದ್ ನಾನ್."

"ಪೊಲೀಸರಿಗೆ ಯಾಕೆ ಹೇಳಲಿಲ್ಲ ನೀನು?"

"ಹೇಳಿ ಎಂತ? ಕಡಿಗೆ ನನ್ ಕೈಯಡಿಗೇ ಹೋದದ್ದಲ್ದಾ."

ವರದಿಯ ಮಾತನ್ನು ಬಿಡಿಸಿ ಬಿಡಿಸಿ ಹೇಳಿದೆ. ತಲೆಯಾಡಿಸಿದ, ನಂಬಲಿಲ್ಲ. "ಕಾಗ್ದ ಹೇಳಿರೆ ಸಾಕಾ? ಎಲುಬ್ ಮುರ್ದದ್ದ್ ನನ್ ಕೈಗೆ ಗೊತ್ತಿತ್ತ್" ಎಂದ. ಅವನು ಹಗ್ಗ ಮುಟ್ಟುವುದಿಲ್ಲ, ದೋಣಿ ಮುಟ್ಟುವುದಿಲ್ಲ, ಊಟಕ್ಕೂ ಚಮಚ ಹಿಡಿಯುತ್ತಾನೆ ಎಂದು ಗಿರಿಜಕ್ಕ ಹೇಳಿದಳು. ಮಾಧವಣ್ಣ ಕೂಡ ಒಮ್ಮೆ ಬಂದರು, ಒಬ್ಬರೇ. ಕೊಡೆ ಮಡಚದೆ ಜಗಲಿಯ ಕೆಳಗೇ ನಿಂತು, "ಮೊದ್ಲೇ ಗೊತ್ತಾರೆ ಉಳಿತಿದ್ನಾ?" ಎಂದು ಕೇಳಿದರು. ಉಳಿಯುತ್ತಿದ್ದನೇನೋ ಎಂದೆ. ಹಾಗೇ ತಿರುಗಿ ಹೋದರು. ಸುಧಾಕರನೊಂದಿಗೆ ಅವರು ಮಾತು ಬಿಟ್ಟಿದ್ದರು. ತಪ್ಪು ಹೊರಿಸಿದ ನಾಚಿಕೆಯೋ, ಸಿಟ್ಟು ಆರಿರಲಿಲ್ಲವೋ, ನಾನು ಕೇಳಲಿಲ್ಲ.

ಕೇಸು ಮುಗಿದ ಮೇಲೆ ಗಿರಿಜಕ್ಕ ಗಂಡನ ಹೃದಯ ಕೇಳಿದಳು. ಉಳಿದದ್ದನ್ನು ಕಡಲಿಗೆ ಬಿಡಬೇಕು, ಮನುಷ್ಯ ಅರ್ಧಕ್ಕೆ ನಿಂತ ಹಾಗಾಗಿದೆ ಎಂದಳು. ಕೋರ್ಟಿನ ಅನುಮತಿ ತರುವಷ್ಟರಲ್ಲಿ ಮಳೆಯ ಜೋರು ಇಳಿದಿತ್ತು. ಹಿಂದಿನ ದಿನವೇ ಭರಣಿಯಿಂದ ತೆಗೆದು ನಲ್ಲಿಯ ನೀರಿನಡಿ ಇಟ್ಟಿದ್ದೆ. ಅವಳು ಬಂದವಳು ಬಗ್ಗಿ ಮೂಸಿದಳು. "ಇನ್ನೂ ಇತ್ತ್ ಮದ್ದ್" ಎಂದಳು. ಕೈಗವಸು ಕೊಟ್ಟರೆ ಬೇಡವೆಂದಳು. ಹಿತ್ತಾಳೆಯ ಪಾತ್ರೆಯೊಂದನ್ನು ಮನೆಯಿಂದಲೇ ತಂದಿದ್ದಳು. ನೀರು ತುಂಬಿಸಿ ತೊಳೆದಳು, ಚೆಲ್ಲಿದಳು, ಮತ್ತೆ ತುಂಬಿಸಿದಳು. ಪೇಟೆಯಲ್ಲಿ ಗಿರಾಕಿಗೆ ಕೊಡುವ ಮೊದಲು ಮೀನು ತೊಳೆಯುತ್ತಿದ್ದ ಕೈ ಅದು, ಅಷ್ಟೇ ನಿಧಾನ, ಅಷ್ಟೇ ಚೊಕ್ಕ. ಕೊನೆಗೊಮ್ಮೆ ಮೂಸಿ, "ಹೋಯ್ತ್" ಎಂದಳು. ಪೂರ್ತಿ ಹೋಗಿರಲಿಲ್ಲ. ನಾನು ಹೂಂ ಎಂದೆ.

ಕಡಲದಂಡೆಗೆ ನನ್ನನ್ನೂ ಕರೆದಳು. ಸುಧಾಕರ ದೂರದಲ್ಲಿ, ಕೈ ಕಟ್ಟಿಕೊಂಡು ನಿಂತಿದ್ದ. ಅವಳು ಹೋಗಿ ಅವನ ಎದುರು ಪಾತ್ರೆ ಹಿಡಿದಳು.

"ಹಿಡಿ."

ಅವನು ಹಿಂದೆ ಸರಿದ. ಆಗ ನಾನು ಮುಂದೆ ಹೋದೆ. ಹೃದಯವನ್ನು ಎತ್ತಿ ಒಳಗೋಡೆಯಲ್ಲಿ ಹಳದಿಗಟ್ಟಿದ್ದ ಜಾಗಕ್ಕೆ ಬೆರಳಿಟ್ಟೆ. "ಇದು ಹಳೆಯ ಗಾಯ. ಭಾವ ನಿನಗೆ ಹೇಳಿದರಲ್ಲ, ಅವತ್ತಿನದು. ಹೊಸತು ಇದರ ಪಕ್ಕದಲ್ಲೇ, ಒಳಗೆ. ನಿನ್ನ ಕೈಯ ಭಾರ ಬಿದ್ದದ್ದು ಇಲ್ಲಿ, ಹೊರಗೆ. ನೋಡು, ಇಲ್ಲಿ ಏನಾಗಿದೆ?"

ಬಹಳ ಹೊತ್ತು ನೋಡಿದ. ಅಲ್ಲಿ ಏನೂ ಆಗಿರಲಿಲ್ಲ. ಗಿರಿಜಕ್ಕ ಅವನ ಕಟ್ಟಿದ ಕೈಗಳನ್ನು ತಾನೇ ಬಿಡಿಸಿ, ಒಂದರ ಪಕ್ಕ ಒಂದಿಟ್ಟು, ನನ್ನ ಕೈಯಲ್ಲಿದ್ದದ್ದನ್ನು ತೆಗೆದು ಅದರಲ್ಲಿಟ್ಟಳು. ಅವನ ಬೆರಳುಗಳು ಮೆಲ್ಲಗೆ ಮಡಚಿಕೊಂಡವು.

"ಇಷ್ಟ್ ಗಟ್ಟಿ ಇತ್ತಾ ಅಕ್ಕ?"

ಗಟ್ಟಿ ಮಾಡಿದ್ದು ಫಾರ್ಮಾಲಿನ್. ನಾನು ಬಾಯಿ ಬಿಡಲಿಲ್ಲ. ಗಿರಿಜಕ್ಕ "ಹ್ಞಾ" ಎಂದಳು.

ಅವನು ಸೊಂಟದ ನೀರಿನ ತನಕ ನಡೆದುಹೋದ. ಹಿಂತಿರುಗಿ ಬರುವಾಗ ಕೈ ಖಾಲಿ. ಮರಳಿನ ಮೇಲೆ ಬಂದು ನಿಂತು ಏನು ಮಾಡಬೇಕೆಂದು ತೋಚದೆ ಆ ಕೈಗಳನ್ನೇ ನೋಡುತ್ತಿದ್ದ. ಸ್ವಲ್ಪ ಆಚೆ ಮಾಧವಣ್ಣನ ದೋಣಿ ದಡಕ್ಕೆ ಬಂದಿತ್ತು, ಎಳೆಯಲು ಆಳು ಸಾಲದೆ ಅರ್ಧ ನೀರಲ್ಲೇ ಹೊಯ್ದಾಡುತ್ತಿತ್ತು. ಅವರು ನಮ್ಮೆಲ್ಲರನ್ನೂ ನೋಡುತ್ತ ನಿಂತಿದ್ದು ನನಗೆ ಗೊತ್ತಿರಲಿಲ್ಲ.

"ಹ್ವಾಯ್ ಸುಧಾಕರ" ಎಂದು ಕೂಗಿದರು. ದನಿ ಒಡೆದಿತ್ತು. "ಎಂತ ಕಾಣ್ತಾ ನಿಂತೆ? ಹಗ್ಗ ಹಿಡಿ ಬಾ."

ಅವನು ಅಕ್ಕನ ಕಡೆ ನೋಡಿದ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಓಡಿಹೋಗಿ ಹಗ್ಗ ಹಿಡಿದ.